ಕರ್ಣನಿಗೂ ಪ್ರಮೋಷನ್ ಬಂದಿತ್ತು

ಆಫೀಸಿನಲ್ಲಿ ಯಾರಿಗಾದರೂ ಪ್ರಮೋಷನ್ ತಪ್ಪಿದರೆ ಸಂಜೆಯೊಳಗೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕರ್ಣ ಪ್ರತ್ಯಕ್ಷನಾಗುತ್ತಾನೆ. ಕೆಸರಲ್ಲಿ ಹೂತ ರಥದ ಗಾಲಿ, ಹಿಂದೆ ಮುಳುಗುವ ಸೂರ್ಯ, ಹಿನ್ನೆಲೆಗೆ ಯಾವುದೋ ಸೀರಿಯಲ್ಲಿನ ಹಾಡು. ಕೆಳಗೆ ಅರ್ಹತೆ, ಅವಕಾಶ, ಅನ್ಯಾಯ ಈ ಮೂರರಲ್ಲಿ ಯಾವುದಾದರೂ ಎರಡು ಪದ ಇರುವ ಒಂದು ಸಾಲು. ಸುಳ್ಳು ಯಾಕೆ ಹೇಳಲಿ, ಕಳೆದ ಏಪ್ರಿಲ್‌ನಲ್ಲಿ ನಾನೂ ಹಾಕಿದ್ದೆ.

ಹತ್ತು ನಿಮಿಷಕ್ಕೆ ಅಡುಗೆಮನೆಯಿಂದ ಆಯಿ ಫೋನ್ ಹಿಡಿದುಕೊಂಡೇ ಹೊರಗೆ ಬಂದಳು.

‘ಇದೇನೋ ಇದು?’

‘ಕರ್ಣ.’

‘ಅದು ಗೊತ್ತಾತು. ಕರ್ಣಗ ರಾಜ್ಯ ಕೊಡ್ತೀನಿ ಅಂದ್ರು, ಅವ ಬ್ಯಾಡ ಅಂದ. ನಿನಗ ಯಾರೂ ಕೊಡ್ತೀನಿ ಅಂದೇ ಇಲ್ಲ. ನೀ ಹ್ಯಾಂಗ ಕರ್ಣ ಆಗ್ತಿ?’

ಸ್ಟೇಟಸ್ ತೆಗೆದೆ. ಆದರೆ ಆ ಮಾತು ಒಳಗೇ ಉಳಿಯಿತು. ಕನ್ನಡದಲ್ಲಿ ಎಂ.ಎ. ಮಾಡಿ, ಆಮೇಲೆ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಬಂದವನು ನಾನು. ಕರ್ಣನ ಬಗ್ಗೆ ಪರೀಕ್ಷೆಯಲ್ಲಿ ಇಪ್ಪತ್ತು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದಿದ್ದೇನೆ. ಇಷ್ಟು ಸರಳವಾದ ಮಾತು ಅಲ್ಲಿ ಹೊಳೆದಿರಲಿಲ್ಲ.

ಆಯಿಗೆ ಹೊಳೆದದ್ದಕ್ಕೆ ಕಾರಣ ಇದೆ. ಅಪ್ಪ ಬೈಲಹೊಂಗಲದ ಕಡೆಯ ಕನ್ನಡದವರು, ಆಯಿ ಚಂದಗಡದ ಕಡೆಯ ಮರಾಠಿಯವಳು. ಮದುವೆಯಾಗಿ ಬೆಳಗಾವಿಗೆ ಬರುವಾಗ ಅವಳ ಟ್ರಂಕಿನಲ್ಲಿ ಎರಡು ದಪ್ಪ ಪುಸ್ತಕ ಇದ್ದವು: ಶಿವಾಜಿ ಸಾವಂತರ ‘ಮೃತ್ಯುಂಜಯ’, ರಣಜಿತ್ ದೇಸಾಯಿಯವರ ‘ರಾಧೇಯ’. ಮೊದಲನೆಯದು 1967ರದು, ಎರಡನೆಯದು 1973ರದು. ಎರಡೂ ಕರ್ಣನ ಮೇಲಿನ ಕಾದಂಬರಿಗಳೇ. ಇವತ್ತು ದೇಶದ ತುಂಬ ಜನ ಕರ್ಣ ಅಂದ ತಕ್ಷಣ ಕಣ್ಣಲ್ಲಿ ನೀರು ತಂದುಕೊಳ್ಳುವುದರಲ್ಲಿ ಈ ಎರಡು ಪುಸ್ತಕಗಳ ಪಾಲು ದೊಡ್ಡದು. ಮಜಾ ಅಂದರೆ ಎರಡೂ ನಮ್ಮ ಬಗಲಿನಿಂದಲೇ ಎದ್ದು ಬಂದವು. ದೇಸಾಯಿಯವರ ಊರು ಕೋವಾಡ, ಬೆಳಗಾವಿಯಿಂದ ಬೈಕಿನಲ್ಲಿ ಒಂದು ತಾಸಿನ ದಾರಿ. ಸಾವಂತರ ಆಜರಾ ಅದಕ್ಕಿಂತ ಸ್ವಲ್ಪ ಮುಂದೆ. ಇವತ್ತಿನ ಕರ್ಣನ ಜಾತಕ ಬರೆದದ್ದು ಹಸ್ತಿನಾಪುರದಲ್ಲಲ್ಲ, ನಮ್ಮ ಗಡಿಯ ಆಚೆ ಬದಿಯ ಭತ್ತದ ಗದ್ದೆಗಳ ನಡುವೆ.

‘ಮೃತ್ಯುಂಜಯ’ ಕೆಟ್ಟ ಪುಸ್ತಕ ಅಲ್ಲ. ಹಂಗೆ ಅಂದರೆ ನನಗೆ ಮನೆಯಲ್ಲಿ ಊಟ ಇಲ್ಲ. ಆರು ಜನ ತಮ್ಮ ತಮ್ಮ ಬಾಯಿಂದ ಕಥೆ ಹೇಳುತ್ತಾರೆ: ಕರ್ಣ, ಕುಂತಿ, ದುರ್ಯೋಧನ, ಶೋಣ, ವೃಷಾಲಿ, ಕೊನೆಗೆ ಕೃಷ್ಣ. ಚಂಪಾನಗರಿಯ ಸೂತರ ಮನೆಯ ಬಾಲ್ಯ ಓದುವಾಗ ಪುಸ್ತಕ ಕೆಳಗಿಡಲು ಮನಸ್ಸಾಗುವುದಿಲ್ಲ. ಅದಕ್ಕೆ 1994ರ ಮೂರ್ತಿದೇವಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ನನ್ನ ತಕರಾರು ಬೇರೆ. ಆ ಪುಸ್ತಕದ ಕರ್ಣ ಎಷ್ಟು ಚಂದ ನರಳುತ್ತಾನೆ ಅಂದರೆ ಓದುಗನಿಗೆ ಅವನ ನೋವು ಮಾತ್ರ ಉಳಿಯುತ್ತದೆ, ಅವನು ಮಾಡಿದ್ದು ಉಳಿಯುವುದಿಲ್ಲ. ಅಲ್ಲಿಂದ ಟೀವಿಗೆ, ಟೀವಿಯಿಂದ ಸ್ಟೇಟಸ್ಸಿಗೆ ಬರುವಷ್ಟರಲ್ಲಿ ಕರ್ಣ ಒಂದು ಕಂಪ್ಲೇಂಟ್ ಲೆಟರ್ ಆಗಿಬಿಟ್ಟಿದ್ದಾನೆ.

ಆ ಲೆಟರಿನ ಒಂದೊಂದು ಸಾಲನ್ನೂ ವ್ಯಾಸರ ಪಠ್ಯದ ಜೊತೆ ತಾಳೆ ನೋಡಿದರೆ ಕಷ್ಟ ಆಗುತ್ತದೆ. ದ್ರೋಣರು ಅವನಿಗೆ ವಿದ್ಯೆ ಕೊಡಲಿಲ್ಲ ಅನ್ನುತ್ತೇವೆ. ಆದಿಪರ್ವದಲ್ಲಿ ದ್ರೋಣರ ಹತ್ತಿರ ಕಲಿಯಲು ಬಂದವರಲ್ಲಿ ರಾಧೇಯನೂ ಇದ್ದಾನೆ. ಅವರು ಕೊಡಲ್ಲ ಅಂದದ್ದು ಬ್ರಹ್ಮಾಸ್ತ್ರ, ಅದನ್ನು ಶಾಂತಿಪರ್ವದಲ್ಲಿ ನಾರದ ಹೇಳುತ್ತಾನೆ. ಸ್ವಯಂವರದಲ್ಲಿ ದ್ರೌಪದಿ ‘ಸೂತನನ್ನು ಒಲ್ಲೆ’ ಅಂದಳಲ್ಲ ಅಂದರೆ, ಪುಣೆಯ ಭಂಡಾರ್ಕರ್ ಸಂಸ್ಥೆಯವರು ಹತ್ತಾರು ವರ್ಷ ಹಸ್ತಪ್ರತಿಗಳನ್ನು ತಾಳೆ ನೋಡಿ 1966ರಲ್ಲಿ ಮುಗಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಆ ಮಾತು ಮೂಲ ಪಠ್ಯದೊಳಗೆ ಇಲ್ಲ, ಅಡಿಟಿಪ್ಪಣಿಗೆ ಇಳಿದಿದೆ. ಸೋಲೇ ಇಲ್ಲದ ವೀರ ಅನ್ನುತ್ತೇವೆ. ಘೋಷಯಾತ್ರೆಯಲ್ಲಿ ಗಂಧರ್ವರ ಎದುರು ಅವನು ರಣ ಬಿಟ್ಟು ಹೋದ, ವಿರಾಟನ ದನಗಳ ಯುದ್ಧದಲ್ಲಿ ಅರ್ಜುನನ ಎದುರು ಸೋತ. ಸಭೆಯಲ್ಲಿ ದ್ರೌಪದಿಯನ್ನು ಸೂಳೆ ಎಂದು ಕರೆದದ್ದು, ಅವಳ ಬಟ್ಟೆ ಕಿತ್ತು ತಾ ಅಂದದ್ದು ಇದೇ ಕರ್ಣ. ಇದನ್ನು ಮಾತ್ರ ಯಾರೂ ಸ್ಟೇಟಸ್ಸಿಗೆ ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿ ಅವನನ್ನು ಖಳನಾಯಕ ಮಾಡುವುದು ನನ್ನ ಉದ್ದೇಶ ಅಲ್ಲ. ಅವನಿಗೆ ಅನ್ಯಾಯ ಆಗಿಲ್ಲ ಅಂತಲೂ ಅಲ್ಲ; ಹುಟ್ಟಿದ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಡುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಏನು ಬೇಕು? ನಾನು ಹೇಳುವುದು ಇಷ್ಟು: ಅವನ ದುರಂತ ಅಲ್ಲಿಲ್ಲ. ಅನ್ಯಾಯ ಆದವರು ಭಾರತದ ತುಂಬ ಇದ್ದಾರೆ. ಏಕಲವ್ಯ ಇದ್ದಾನೆ, ಅಂಬೆ ಇದ್ದಾಳೆ, ಅರಗಿನ ಮನೆಯಲ್ಲಿ ಪಾಂಡವರ ಬದಲಿಗೆ ಸುಟ್ಟುಹೋದ ಆ ಬೇಡತಿ ಮತ್ತು ಅವಳ ಐದು ಮಕ್ಕಳಿದ್ದಾರೆ. ಅವರಿಗೆ ಯಾರೂ ಬಂದು ‘ಆದದ್ದು ತಪ್ಪಾತು, ತಗೊ ಸಿಂಹಾಸನ’ ಅನ್ನಲಿಲ್ಲ. ಕರ್ಣನಿಗೆ ಅಂದರು. ಅವನ ದುರಂತ ಶುರುವಾಗುವುದು ಆ ಆಫರ್ ಬಂದ ಮೇಲೆ.

ಭಾನುವಾರ ಬೆಳಿಗ್ಗೆ ನಾನು ಕೋಟೆಯೊಳಗೆ ವಾಕಿಂಗಿಗೆ ಹೋಗುತ್ತೇನೆ. ಕೋಟೆ ಕೆರೆ ದಾಟಿ, ಬಾಗಿಲ ಒಳಗೆ ಹೋಗಿ, ಕಮಲ ಬಸದಿಯ ಕಟ್ಟೆಯ ಮೇಲೆ ಕೂತರೆ ಒಂಬತ್ತು ಗಂಟೆಯ ತನಕ ಕೇಳುವವರಿಲ್ಲ. 1204ರ ರಟ್ಟರ ಕಾಲದ ಬಸದಿ, ಒಳಗೆ ನೇಮಿನಾಥ, ತಲೆಯ ಮೇಲೆ ಕಲ್ಲಿನ ಕಮಲ. ಅಲ್ಲಿಂದ ಸ್ವಲ್ಪ ದೂರಕ್ಕೆ ಅಸದ್ ಖಾನನ ಸಫಾ ಮಸೀದಿ. ಆಯಿಯ ಮಾತು ಕೇಳಿದ ಮುಂದಿನ ಭಾನುವಾರ ಎಂ.ಎ. ಕಾಲದ ಪಂಪಭಾರತ ಚೀಲಕ್ಕೆ ಹಾಕಿಕೊಂಡು ಹೋದೆ. ಜೈನ ಕವಿಯನ್ನು ಜೈನ ಬಸದಿಯಲ್ಲಿ ಓದಬೇಕು ಅನ್ನುವ ಭಕ್ತಿಯೇನಲ್ಲ, ಮನೆಯಲ್ಲಿ ಟೀವಿ ಹಚ್ಚಿದ್ದರು ಅಷ್ಟೇ.

ಪಂಪ ಇದನ್ನು ಬರೆದದ್ದು 941ರ ಹೊತ್ತಿಗೆ. ವೇಮುಲವಾಡದ ಚಾಲುಕ್ಯ ದೊರೆ ಅರಿಕೇಸರಿ ಅವನ ಧಣಿ. ಧಣಿಯನ್ನೇ ಅರ್ಜುನ ಮಾಡಿ ಕಾವ್ಯ ಕಟ್ಟಿದ. ಧಣಿಗೆ ಮುಜುಗರ ಆಗಬಾರದಲ್ಲ, ದ್ರೌಪದಿ ಅಲ್ಲಿ ಐವರ ಹೆಂಡತಿ ಅಲ್ಲ, ಅರ್ಜುನನ ಹೆಂಡತಿ ಮಾತ್ರ. ಕೊನೆಗೆ ಪಟ್ಟ ಕಟ್ಟುವುದೂ ಅರ್ಜುನನಿಗೇ. ಅಂದರೆ ಇದು ಪೂರ್ತಿ ಅರ್ಜುನನ ಖರ್ಚಿನಲ್ಲಿ ಬರೆಸಿದ ಪುಸ್ತಕ. ಹಂಗಿದ್ದೂ ಕರ್ಣ ಸತ್ತಾಗ ಪಂಪ ಕಥೆ ನಿಲ್ಲಿಸಿ, ನಮ್ಮ ಕಡೆ ತಿರುಗಿ, ಈ ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಇವನನ್ನು ನೆನೆ ಅನ್ನುತ್ತಾನೆ. ಧಣಿ ಎದುರಿಗೆ ಕೂತು ಕೇಳುತ್ತಿರುವಾಗ!

ಆದರೆ ಪಂಪನ ಕರ್ಣ ಮುಗ್ಧ ಅಲ್ಲ. ಕುಲ ಅನ್ನುವುದು ಹುಟ್ಟಿನಲ್ಲಿಲ್ಲ, ಮನುಷ್ಯನ ಗುಣದಲ್ಲಿ, ಛಲದಲ್ಲಿ ಇದೆ ಅನ್ನುವ ಅರ್ಥದ ಅವನ ಮಾತು ನಮಗೆಲ್ಲ ಬಾಯಿಪಾಠ. ಭಾಷಣ ಸ್ಪರ್ಧೆಗಳಲ್ಲಿ ಅದಕ್ಕೆ ಚಪ್ಪಾಳೆ ಗ್ಯಾರಂಟಿ. ಅದನ್ನು ಯಾವಾಗ ಹೇಳಿದ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಭೀಷ್ಮರಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಹೊತ್ತು. ಈ ಮುದುಕನಿಗೆ ಯಾಕೆ ಪಟ್ಟ ಅಂತ ಕರ್ಣ ತುಂಬಿದ ಸಭೆಯಲ್ಲಿ ಹಂಗಿಸುತ್ತಾನೆ. ನಿನ್ನ ನಾಲಿಗೆಯೇ ನಿನ್ನ ಕುಲ ಹೇಳುತ್ತಿದೆ ಅಂತ ದ್ರೋಣರು ಚುಚ್ಚುತ್ತಾರೆ. ಆಗ ಬಂದದ್ದು ಆ ಮಾತು. ದ್ರೋಣರದು ಕೊಳಕು ಮಾತು, ಕರ್ಣನ ಉತ್ತರ ಸಾವಿರ ವರ್ಷ ನಿಲ್ಲುವ ಮಾತು. ಎರಡೂ ಸರಿ. ಆದರೆ ಜಗಳ ತೆಗೆದವನು ಕರ್ಣ, ಅದೂ ವಯಸ್ಸಿನ ಮೇಲೆ. ಹುಟ್ಟಿನಿಂದ ಅಳೆಯಬೇಡಿ ಅಂದವನು ತಾನು ಇನ್ನೊಬ್ಬನನ್ನು ಮುಪ್ಪಿನಿಂದ ಅಳೆದಿದ್ದ. ಪಂಪನಿಗೆ ಇದು ಗೊತ್ತು. ಅದಕ್ಕೇ ಆಮೇಲೆ ಇದೇ ಕರ್ಣನನ್ನು ಶರಶಯ್ಯೆಯ ಹತ್ತಿರ ಕರೆದುಕೊಂಡು ಹೋಗಿ ಭೀಷ್ಮರ ಕಾಲಿಗೆ ಬೀಳಿಸುತ್ತಾನೆ. ಆ ಮಾತನ್ನು ಮಾತ್ರ ಕತ್ತರಿಸಿ ಪೋಸ್ಟರ್ ಮಾಡಿದರೆ ಈ ನಡಿಗೆ ಕಾಣುವುದಿಲ್ಲ.

ಇನ್ನು ಆ ಆಫರ್. ಸಂಧಾನ ಮುರಿದು ಹೊರಟ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು, ನೀನು ಕುಂತಿಯ ಹಿರಿಯ ಮಗ, ಬಾ, ರಾಜ್ಯ ನಿನ್ನದು ಅನ್ನುತ್ತಾನೆ. ವ್ಯಾಸರಲ್ಲಿ ಕರ್ಣ ಕೊಡುವ ಉತ್ತರದಲ್ಲಿ ಮನೆಯ ಲೆಕ್ಕ ಇದೆ: ನನ್ನನ್ನು ಎತ್ತಿಕೊಂಡಾಗ ರಾಧೆಗೆ ಹಾಲು ಬಂತು, ನನ್ನ ಮಲಮೂತ್ರ ಬಳಿದವಳು ಅವಳು, ನನ್ನ ಹೆಂಡಂದಿರು ಸೂತರ ಮನೆಯವರು, ನನ್ನ ಮಕ್ಕಳು ಅಲ್ಲಿ ಹುಟ್ಟಿದವರು. ಅದೇ ಮಾತುಕತೆಯಲ್ಲಿ ಅವನು ಪಾಂಡವರಿಗೆ ತಾನಾಡಿದ ಕಟು ಮಾತಿಗೆ ಪಶ್ಚಾತ್ತಾಪ ಪಡುತ್ತೇನೆ ಅನ್ನುತ್ತಾನೆ. ಇದೂ ಸ್ಟೇಟಸ್ಸಿಗೆ ಬರುವುದಿಲ್ಲ, ಬರಬೇಕಿತ್ತು.

ಪಂಪ ಇಲ್ಲಿ ಒಂದು ಕೆಲಸ ಮಾಡುತ್ತಾನೆ. ಕೃಷ್ಣನ ಬಾಯಲ್ಲಿ ಇನ್ನೊಂದು ಗುಟ್ಟು ಇಡುತ್ತಾನೆ. ನಿನ್ನ ಹುಟ್ಟು ದುರ್ಯೋಧನನಿಗೆ ಮೊದಲೇ ಗೊತ್ತು ಅನ್ನುತ್ತಾನೆ ಕೃಷ್ಣ. ಬೇಟೆಗೆ ಹೋದಾಗ ಗಂಗೆಯ ದಡದ ಒಂದು ಆಶ್ರಮದಲ್ಲಿ ಋಷಿಯ ಬಾಯಿಂದ ಕೇಳಿ ತಿಳಿದುಕೊಂಡಿದ್ದಾನೆ. ಮುಳ್ಳನ್ನು ಮುಳ್ಳಿನಿಂದ ತೆಗೆಯೋಣ ಅಂತ ನಿನ್ನನ್ನು ಇಟ್ಟುಕೊಂಡಿದ್ದಾನೆ.

ಇದನ್ನು ಒಂದು ಸಲ ನಿಧಾನಕ್ಕೆ ಯೋಚಿಸಿ ನೋಡಿ. ರಂಗಸ್ಥಳದಲ್ಲಿ ಎಲ್ಲರೂ ನಕ್ಕಾಗ ಒಬ್ಬನೇ ಒಬ್ಬ ಎದ್ದುಬಂದು ಅಂಗರಾಜ್ಯ ಕೊಟ್ಟ. ಜೀವನವಿಡೀ ಆ ಒಂದು ಕ್ಷಣದ ಮೇಲೆ ನಿಂತಿದೆ. ಈಗ ಒಬ್ಬ ಬಂದು, ಅದು ಸ್ನೇಹ ಅಲ್ಲವೋ, ಲೆಕ್ಕಾಚಾರ, ನೀನು ಅವನಿಗೆ ಒಂದು ಮುಳ್ಳು ಅನ್ನುತ್ತಾನೆ. ನಮ್ಮಲ್ಲಿ ಯಾರಿಗಾದರೂ ನಮ್ಮ ಮ್ಯಾನೇಜರ್ ಬಗ್ಗೆ ಇಂಥ ಮೇಲ್ ಫಾರ್ವರ್ಡ್ ಆಗಿ ಬಂದಿದ್ದರೆ ಆ ರಾತ್ರಿಯೇ ನೋಟಿಸ್ ಪೀರಿಯಡ್ ಎಷ್ಟು ಅಂತ ನೋಡುತ್ತಿದ್ದೆವು.

ಕರ್ಣ ಉತ್ತರಕ್ಕೆ ಮುತ್ತಿನ ಕಥೆ ತೆಗೆಯುತ್ತಾನೆ. ಭಾನುಮತಿಯ ಜೊತೆ ಪಗಡೆ ಆಡಿದ್ದು, ಅವಳು ಸೋತದ್ದು, ಪಣ ಕೊಡು ಅಂತ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿದ್ದು, ಅದನ್ನು ಕಂಡ ದುರ್ಯೋಧನ ಒಂದಿಷ್ಟೂ ಮುನಿಯದೆ, ಆರಿಸಿ ಕೊಡಲೇ ಅಂತ ಕೇಳಿದ್ದು. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬರಲೇ? ಈ ಪದ್ಯದ ಅನ್ವಯದ ಮೇಲೆ ನಮ್ಮ ಪಂಡಿತರು ದಶಕಗಟ್ಟಲೆ ಜಗಳ ಆಡಿದ್ದಾರೆ. ಕಾಡಿದ್ದು ಕರ್ಣನೋ ದುರ್ಯೋಧನನೋ, ಪರಸ್ತ್ರೀಯ ಹಾರಕ್ಕೆ ಕರ್ಣ ಕೈ ಹಾಕಬಹುದೋ ಬಾರದೋ. ಎಂ.ಎ.ಯಲ್ಲಿ ನಾವೂ ಅದನ್ನೇ ಕಲಿತೆವು. ಆ ಜಗಳದ ಗದ್ದಲದಲ್ಲಿ ಮುತ್ತಿಗೆ ಮೊದಲು ಮುಳ್ಳು ಬಂದಿತ್ತು ಅನ್ನುವುದು ನಮಗೆ ಕಾಣಲೇ ಇಲ್ಲ. ನೀನು ಅವನ ಮುಳ್ಳು ಅಂದದ್ದಕ್ಕೆ, ಅವನು ನನಗಾಗಿ ಮುತ್ತು ಆರಿಸಲು ಬಗ್ಗಿದ್ದ ಅಂತ ಉತ್ತರ. ಕರ್ಣ ಕೃಷ್ಣನ ಮಾತನ್ನು ಸುಳ್ಳು ಅನ್ನುವುದಿಲ್ಲ. ಅದು ನಿಜ ಇರಬಹುದು, ಇದೂ ನಿಜ. ಮೋಸ ಹೋಗಿದ್ದೇನೆ ಅಂತ ಗೊತ್ತಾದ ಮೇಲೂ ಸ್ನೇಹ ಇತ್ತು ಅನ್ನುವುದನ್ನು ಬಿಟ್ಟುಕೊಡದವನು ಇವನು. ಇವನಿಗೆ ‘ಅಯ್ಯೋ ಪಾಪ’ ಅನ್ನಲು ನನಗೆ ಬಾಯಿ ಬರಲಿಲ್ಲ.

ಆ ಕಾಲದ ಕನ್ನಡದಲ್ಲಿ ಇದಕ್ಕೊಂದು ಹೆಸರಿದೆ: ಜೋಳದ ಪಾಳಿ. ಜೋಳವಾಳಿ ಅಂತಲೂ ಅನ್ನುತ್ತಾರೆ. ಬೇರೆಯವರು ಉಪ್ಪಿನ ಋಣ ಅನ್ನುವಲ್ಲಿ ನಮ್ಮವರು ಜೋಳದ ಋಣ ಅಂದರು. ಉಪ್ಪು ಚಿಟಿಕೆ, ಜೋಳ ಹೊಟ್ಟೆತುಂಬ. ರೊಟ್ಟಿ ತಿಂದು ಬೆಳೆದ ಬೆಳಗಾವಿಯವನಿಗೆ ಈ ಪದ ನಿಘಂಟು ನೋಡದೆ ತಿಳಿಯುತ್ತದೆ. ಯಾರ ಜೋಳ ಉಂಡೆಯೋ ಅವರಿಗೆ ತಲೆ ಕೊಡು. ಕೊಟ್ಟವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಲೆಕ್ಕಕ್ಕಿಲ್ಲ, ಉಂಡದ್ದು ಲೆಕ್ಕ.

ಇಲ್ಲಿ ನನಗೆ ಇರುಸುಮುರುಸು ಆಗುತ್ತದೆ, ಅದನ್ನೂ ಹೇಳಿಬಿಡಬೇಕು. ಜೋಳದ ಪಾಳಿ ಅನ್ನುವುದು ರಾಜರಿಗೆ ಬಹಳ ಅನುಕೂಲದ ಮೌಲ್ಯ. ಇದರ ಜೊತೆಗೆ ವೇಳೆವಾಳಿ ಅಂತ ಇನ್ನೊಂದಿತ್ತು: ಧಣಿ ಸತ್ತರೆ ಜೊತೆಗೆ ಸಾಯುವ ಪ್ರತಿಜ್ಞೆ. ಉತ್ತರ ಕರ್ನಾಟಕದ ಊರೂರಲ್ಲಿ ನಿಂತ ವೀರಗಲ್ಲುಗಳಲ್ಲಿ ಎಷ್ಟೋ ಜನ ಹಿಡಿ ಜೋಳಕ್ಕೆ ಜೀವ ಕೊಟ್ಟವರು. ಪಂಪ ತಾನೂ ಅರಿಕೇಸರಿಯ ಜೋಳ ಉಂಡವನು, ಕತ್ತಿ ಹಿಡಿದು ಅವನಿಗಾಗಿ ಕಾದಿದವನು, ಧರ್ಮಪುರ ಅನ್ನುವ ಅಗ್ರಹಾರ ಪಡೆದವನು. ಇಂಥವನು ಉಂಡ ಮನೆಗೆ ಸತ್ತ ಕರ್ಣನನ್ನು ಹೊಗಳಿದರೆ ಅದರಲ್ಲಿ ಸ್ವಲ್ಪ ತನ್ನ ನೌಕರಿಯ ಸಮರ್ಥನೆಯೂ ಇದ್ದೀತು. ಕಂಪನಿ ನಮ್ಮ ಕುಟುಂಬ ಅನ್ನುವ ಎಚ್.ಆರ್. ಮಾತು ಕೇಳಿದಾಗ ನನಗೆ ಈ ಅನುಮಾನ ಬರುತ್ತದೆ. ಆದರೆ ಒಂದು ವ್ಯತ್ಯಾಸ. ಪಂಪ ಹೊಗಳಿದ್ದು ತನ್ನ ಧಣಿಗೆ ನಿಷ್ಠನಾದವನನ್ನಲ್ಲ, ಧಣಿಯ ವೈರಿಗೆ ನಿಷ್ಠನಾದವನನ್ನು. ಅರ್ಜುನನ ಉಪ್ಪರಿಗೆಯಲ್ಲಿ ಕೂತು ಅರ್ಜುನನ ಬಾಣಕ್ಕೆ ಸತ್ತವನಿಗೆ ಅತ್ತ. ಜೋಳದ ಋಣ ತೀರಿಸುತ್ತಲೇ ಜೋಳ ಕೊಟ್ಟವನಿಂದ ಮನಸ್ಸನ್ನು ಬೇರೆ ಇಟ್ಟುಕೊಳ್ಳಬಹುದು ಅಂತ ತೋರಿಸಿದ ಕನ್ನಡಿಗ ಅವನು.

ಕನ್ನಡಿಗ ಅಂದೆ. ಅವನ ಪೂರ್ವಿಕರು ಆಂಧ್ರದ ವೆಂಗಿಯವರು. ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಮನೆತನದವಳು. ನೌಕರಿ ಇವತ್ತಿನ ತೆಲಂಗಾಣದಲ್ಲಿ. ತಮ್ಮ ಜಿನವಲ್ಲಭ ಕುರಿಕ್ಯಾಲದ ಬೆಟ್ಟದಲ್ಲಿ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಇವತ್ತಿನ ಬೆಳಗಾವಿಯಲ್ಲಿ ಪಂಪ ಬಾಡಿಗೆ ಮನೆ ಹುಡುಕಿದ್ದರೆ ಮೊದಲ ಪ್ರಶ್ನೆ ಗ್ಯಾರಂಟಿ: ನೀವು ಯಾವ ಕಡೆಯವರು? ಈ ಪ್ರಶ್ನೆ ನನಗೆ ಒಂದನೆಯ ತರಗತಿಯಿಂದ ಗೊತ್ತು. ನವೆಂಬರ್ ಒಂದಕ್ಕೆ ನಮ್ಮ ಓಣಿಯಲ್ಲಿ ಒಂದು ಮನೆಯ ಮೇಲೆ ಹಳದಿ ಕೆಂಪು ಬಾವುಟ, ಪಕ್ಕದ ಮನೆಯ ಬಾಗಿಲು ಬಂದ್. ನಮ್ಮ ಮನೆಯಲ್ಲಿ ಅವತ್ತು ಆಯಿ ಹೋಳಿಗೆ ಮಾಡಿ ಎರಡೂ ಮನೆಗೆ ಕಳಿಸುತ್ತಿದ್ದಳು, ಒಯ್ಯುವವನು ನಾನು. ಎರಡೂ ಕಡೆ ಅದೇ ಮಾತು: ‘ನೀ ನಮ್ಮಾವ ಅಲ್ಲೇನೋ?’ ಹೌದು ಅನ್ನುತ್ತಿದ್ದೆ, ಎರಡೂ ಕಡೆ. ಕರ್ಣನಿಗೆ ಹಂಗೆ ಅನ್ನುವ ಅವಕಾಶ ಇರಲಿಲ್ಲ. ಅವನನ್ನು ಕೇಳಿದ್ದು ಯುದ್ಧದ ಹಿಂದಿನ ದಿನಗಳಲ್ಲಿ.

ಆ ಕೇಳಿದ ರೀತಿಯ ಕ್ರೌರ್ಯ ಪಂಪನಿಗಿಂತ ಗದುಗಿನ ಕುಮಾರವ್ಯಾಸನಿಗೆ ಚೆನ್ನಾಗಿ ಗೊತ್ತು. ಅವನ ಕೃಷ್ಣ ನಯವಾಗಿ ಮೈದುನತನದ ಸಲಿಗೆಯಿಂದ ಹತ್ತಿರ ಕೂಡಿಸಿಕೊಂಡು ಗುಟ್ಟು ಹೇಳುತ್ತಾನೆ. ಕರ್ಣನ ಗಂಟಲು ಬಿಗಿಯುತ್ತದೆ, ಕಣ್ಣೀರು ನುಗ್ಗುತ್ತದೆ. ಆಗ ಅವನಿಗೆ ಮೊದಲು ಬರುವ ಯೋಚನೆ ನೋಡಿ. ತಾನು ರಾಜಕುಮಾರ ಅಂತಲ್ಲ, ಕುಂತಿ ಬಿಟ್ಟುಹೋದಳು ಅಂತಲ್ಲ. ದುರ್ಯೋಧನ ಕೆಟ್ಟ, ಅಂತ. ಆಮೇಲೆ ತನ್ನ ವಂಶ ಹೇಳಿಯೇ ಕೃಷ್ಣ ತನ್ನನ್ನು ಕೊಂದ ಅಂತ. ಗೊತ್ತಿಲ್ಲದಾಗ ಅರ್ಜುನನ ಮೇಲೆ ಬಾಣ ಬಿಡಬಹುದಿತ್ತು, ಗೊತ್ತಾದ ಮೇಲೆ ಕೈ ಅಷ್ಟು ಗಟ್ಟಿ ಉಳಿಯುವುದಿಲ್ಲ. ಗಾಲಿ ಹೂತದ್ದು, ಶಾಪ, ಶಲ್ಯನ ಚುಚ್ಚುಮಾತು ಎಲ್ಲ ಆಮೇಲಿನ ವಿಧಿಗಳು. ಸಾವು ಇಲ್ಲಿ, ಈ ಮಾತುಕತೆಯಲ್ಲಿ ಆಗಿಹೋಗಿದೆ. ಆ ಸ್ಟೇಟಸ್ ಚಿತ್ರದಲ್ಲಿ ಕೆಸರಿನ ಗಾಲಿಯ ಬದಲು ಒಬ್ಬರ ಪಕ್ಕ ಒಬ್ಬರು ಕೂತ ಇಬ್ಬರು ಇರಬೇಕಿತ್ತು.

ಅವತ್ತು ಮಧ್ಯಾಹ್ನ ಮನೆಗೆ ಬಂದು ಆಯಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಹಳಗನ್ನಡ ಬಾರದು, ನಾನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದೆ. ಮುಳ್ಳಿನ ಮಾತಿಗೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ‘ಮೃತ್ಯುಂಜಯ’ವನ್ನು ನಾಲ್ಕು ಸಲ ಓದಿದವಳಿಗೂ ಅದು ಹೊಸದು.

‘ದುರ್ಯೋಧನಗ ಗೊತ್ತಿತ್ತ? ಗೊತ್ತಿದ್ದೂ ಹೇಳಲಿಲ್ಲ?’

‘ಹೇಳಲಿಲ್ಲ.’

‘ಮತ್ತ ಕರ್ಣ? ಗೊತ್ತಾದ ಮ್ಯಾಲೆ ಅವ ಹೋಗಿ ದೋಸ್ತಗ ಹೇಳಿದ್ನೇನು?’

ಅವನೂ ಹೇಳಲಿಲ್ಲ. ಅದಕ್ಕೆ ಮುಧೋಳದ ರನ್ನನ ಗದಾಯುದ್ಧದ ಕಥೆ ಹೇಳಿದೆ. ಪಂಪನ ನಂತರ ಸುಮಾರು ನಾಲ್ಕು ದಶಕಕ್ಕೆ ಬರೆದದ್ದು. ಎಲ್ಲ ಮುಗಿದ ಮೇಲೆ ದುರ್ಯೋಧನ ಹೆಣಗಳ ನಡುವೆ ನಡೆದು ಬರುತ್ತಾನೆ. ತಮ್ಮನ ಹೆಣ, ಮಗನ ಹೆಣ ದಾಟಿ ಕರ್ಣನ ಹೆಣದ ಹತ್ತಿರ ನಿಲ್ಲುತ್ತಾನೆ. ನೀನು ಯಾರ ಮಗ ಅಂತ ನನಗೆ ಗೊತ್ತಿತ್ತು ಅನ್ನುತ್ತಾನೆ. ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿತ್ತು, ಲೋಕಕ್ಕೆ ಗೊತ್ತಿರಲಿಲ್ಲ ಅಂತ. ಬದುಕಿದ್ದಾಗ ಹೇಳದ್ದನ್ನು ಹೆಣಕ್ಕೆ ಹೇಳುತ್ತಾನೆ.

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಕಪ್ಪಾಯಿತು. ಅದನ್ನು ತೆಗೆದು ತನ್ನ ತಟ್ಟೆಗೆ ಇಟ್ಟುಕೊಂಡು, ಹೊಸದನ್ನು ಬಡಿದು ನನಗೆ ಹಾಕಿದಳು.

‘ಆ ಪುಸ್ತಕ ಮರಾಠಿಯೊಳಗ ಐತೇನು?’ ಅಂತ ಕೇಳಿದಳು.